ಖಂಡೇಪೂಜೆಗೆ ಕೂತ ಸೈಕಲ್ಲು

ಕುಸುಬಿ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಎರಡೂ ಕೈಗಳು ತಾವಾಗಿಯೇ ಮುಷ್ಟಿ ಕಟ್ಟುತ್ತವೆ. ಉಳಿದವರಿಗೆ ಆ ವಾಸನೆಗೆ ಎಣ್ಣೆಗಾಯಿ ಪಲ್ಯ, ಬಿಸಿ ರೊಟ್ಟಿ ನೆನಪಾಗುತ್ತವೆ. ನನಗೆ ನೆನಪಾಗುವುದು ಗಜೇಂದ್ರಗಡದ ಗುಡ್ಡದ ಇಳಿಜಾರು. ಹೋದ ವಾರ ಸೈಕಲ್ಲಿಗೆ ಹೊಸ ಚೈನು ಹಾಕಿಸಲು ಗಜೇಂದ್ರಗಡದ ಪೇಟೆಗೆ ಹೋಗಿದ್ದೆ. ಗಾಣದ ಅಂಗಡಿಯ ಮುಂದೆ ಹಾಯುವಾಗ ಆ ವಾಸನೆ ಬಂತು ನೋಡಿ, ನಡು ಬಜಾರಿನಲ್ಲಿ ಎರಡೂ ಬ್ರೇಕು ಅದುಮಿ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಟಂಟಂ ಆಟೋದವನು, 'ಏನಾತ್ರೀ ಅಕ್ಕಾರ, ಹಿಂಗ ನಡುದಾರ್ಯಾಗ ನಿಂತ್ರ ನಾವೆಲ್ಲಿ ಹೋಗೂಣು?' ಎಂದು ಗೊಣಗುತ್ತ ಪಕ್ಕದಿಂದ ಹಾದು ಹೋದ. ಅವನಿಗೆ ಏನು ಹೇಳಲಿ? ಹೇಳಬೇಕೆಂದರೆ ಆ ಇಡೀ ಮಳೆಗಾಲವನ್ನೇ ಹೇಳಬೇಕು.

ನಾನು ಯಾವಗಲ್ ಊರಿನ ಮಗಳು, ಮುಶಿಗೇರಿಯ ಸೊಸೆ. ಹೆಸರು ಸಾವಿತ್ರಿ, ಊರವರ ಬಾಯಲ್ಲಿ ಸಾವಕ್ಕ. ಕೆಲಸ ಪಶುಸಖಿಯದು. ಹಾಗೆಂದರೆ ದೊಡ್ಡ ಡಾಕ್ಟರಿಕೆಯೇನಲ್ಲ. ಕುರಿ ಆಡುಗಳಿಗೆ ಜಂತಿನ ಔಷಧ ಕುಡಿಸುವುದು, ಗಾಯಕ್ಕೆ ಮುಲಾಮು ಹಚ್ಚುವುದು, ಹೊಟ್ಟೆಯುಬ್ಬರ ಕಂಡರೆ ಕೈಲಾದದ್ದು ಮಾಡಿ ಡಾಕ್ಟರಿಗೆ ಫೋನು ಹಚ್ಚುವುದು. ರೋಣದಲ್ಲಿ ತರಬೇತಿ ಕೊಟ್ಟು, ಔಷಧದ ಡಬ್ಬಿ ಕೈಗಿಟ್ಟು ಕಳಿಸಿದ್ದರು. ಆದರೆ ಕುರಿಗಳೇನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನನ್ನ ದಾರಿ ಕಾಯುತ್ತವೆಯೇ? ಅವು ಇರುವುದು ಕರೆಂಟು ಮಾಡುವ ಗಾಳಿಫ್ಯಾನುಗಳು ತಿರುಗುವ ಗುಡ್ಡದ ಮೇಲೆ, ಇಲ್ಲವೇ ಕಪ್ಪು ಮಣ್ಣಿನ ಎರೆಹೊಲಗಳ ನಡುವೆ. ನಮ್ಮ ಮನೆಯವರು, ಬಸವರಾಜ, ಟಂಟಂ ಓಡಿಸುತ್ತಾರೆ. ಅದು ಡಾಂಬರು ಬಿಟ್ಟು ಕೆಳಗಿಳಿಯುವ ಗಾಡಿಯಲ್ಲ. ತಮ್ಮನ ಸ್ಕೂಟಿಯನ್ನು ಒಮ್ಮೆ ಹಸಿ ಎರೆಗೆ ಇಳಿಸಿ ನೋಡಿದ್ದೆ. ಅದನ್ನು ಎತ್ತಲು ಟ್ರ್ಯಾಕ್ಟರು ಬರಬೇಕಾಯಿತು.

ಆ ವರ್ಷದ ಬೇಸಿಗೆಯ ಕೊನೆಗೆ ನರಗುಂದದ ಅಕ್ಕನ ಮನೆಗೆ ಹೋಗಿದ್ದೆ. ಅವಳ ಪಕ್ಕದ ಮನೆಯ ಕಾಲೇಜು ಮಾಸ್ತರರು ಹೊಟ್ಟೆ ಕರಗಿಸಬೇಕೆಂದು ಗುಡ್ಡ ಹತ್ತುವ ಸೈಕಲ್ಲು ತರಿಸಿದ್ದರಂತೆ. ಹೊಟ್ಟೆ ಇದ್ದಲ್ಲೇ ಇತ್ತು, ಕರಗಿದ್ದು ಸೈಕಲ್ಲು. ಹ್ಯಾಂಡಲ್ಲಿನ ಮೇಲೆ ಟವಲ್ಲು, ಸೀಟಿನ ಮೇಲೆ ಸಂಡಿಗೆ ಹಾಕಿದ ಹಳೇ ಸೀರೆ. ಗಾಲಿಗಳ ಕಡ್ಡಿಗಳೆಲ್ಲ ತುಕ್ಕು. ನನಗೆ ಅದರ ಮೇಲೆ ಕಣ್ಣು ಬಿತ್ತು. ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ಮಾಸ್ತರರು ಸಂಕೋಚದಿಂದ ಹೆಂಡತಿಯ ಮುಖ ನೋಡಿದರು. ಆಕೆ ಒಳಗಿನಿಂದಲೇ, 'ಒಯ್ಯಿ ತಂಗಿ, ಪುಣ್ಯಾ ಬರ್ತೈತಿ ನಿನಗ. ಇವರ ಹುಮ್ಮಸ್ಸು ನೋಡಿ ನೋಡಿ ನನಗ ಸಾಕಾಗೇತಿ' ಎಂದರು. ಹೊಸದಾಗಿಯೇ ಉಳಿದಿದ್ದ ಒಂದು ಹೆಲ್ಮೆಟ್ಟನ್ನೂ ಜೊತೆಗೆ ಕೊಟ್ಟರು. ನಮ್ಮವರು ಟಂಟಂನ ಟಪ್ಪಿನ ಮೇಲೆ ಹಗ್ಗ ಬಿಗಿದು ಅದನ್ನು ಸೀದಾ ಗಜೇಂದ್ರಗಡದ ದಾವಲಸಾಬನ ಅಂಗಡಿಗೆ ತಂದಿಳಿಸಿದರು.

ದಾವಲಸಾಬನನ್ನು ನಾನು ದಾವಲಣ್ಣ ಎನ್ನುತ್ತೇನೆ. ಸೈಕಲ್ಲು ರಿಪೇರಿ ಅವರ ಮನೆತನದ ಕೆಲಸ. ಕೈ ಎಷ್ಟು ಓಡುತ್ತದೋ ಬಾಯಿ ಅದಕ್ಕಿಂತ ಮುಂದೆ ಓಡುತ್ತದೆ. ಸೈಕಲ್ಲನ್ನು ಒಂದು ಸುತ್ತು ನೋಡಿದವನೇ ಹಣೆ ಬಡಿದುಕೊಂಡ.

'ಅಕ್ಕಾರ, ಇದನ್ನ ಎಲ್ಲಿಂದ ಎತ್ತಿಕೊಂಡು ಬಂದ್ರಿ? ಸೈಕಲ್ ಅಲ್ರಿ ಇದು, ಬರೇ ಎಲುಬಿನ ಹಂದರ!'

ನನ್ನ ಮುಖ ಬಾಡಿದ್ದನ್ನು ನೋಡಿ ದನಿ ಇಳಿಸಿದ. 'ಹಂದರ ಮಾತ್ರ ಭಾಳ ಚಲೋ ಐತ್ರಿ. ಹಾರ್ಡ್‌ಟೇಲ್ ಅಂತಾರ ಇದಕ್ಕ. ಮುಂದ ಸ್ಪ್ರಿಂಗು, ಹಿಂದ ಗಟ್ಟಿ. ಹಿಂದ ಗಟ್ಟಿ ಇದ್ರ ನೀವು ತುಳಿದ ಜೋರು ಪೂರಾ ಗಾಲಿಗೆ ಹೋಗ್ತೈತಿ, ಔಷಧದ ಡಬ್ಬಿ ಕಟ್ಟಾಕೂ ಬರ್ತೈತಿ. ಕೆಟ್ಟದ್ದೆಲ್ಲಾ ಕಿತ್ತಿ ಒಗದು ಒಂದೊಂದ ಸಾಮಾನ ಕೂಡಿಸಿಕೊಂತ ಹೋಗೂಣು. ಡಾಂಬರಿಗೂ ಅದ, ಎರಿಗೂ ಅದ, ಗುಡ್ಡಕ್ಕೂ ಅದ ಆಗಬೇಕು, ಹಂಗ ಮಾಡಿಕೊಡ್ತೇನಿ.'

ಹೀಗೆ ಕಾರಹುಣ್ಣಿಮೆಯ ಹೊತ್ತಿಗೆ ನನ್ನ ಸೈಕಲ್ಲು ಮನೆಗೆ ಬಂತು. ಬಂದ ದಿನವೇ ಮನೆಯಲ್ಲಿ ರಾಮಾಯಣವಾಯಿತು.

ನಮ್ಮ ಮಾವ ತಮ್ಮ ಕಾಲದಲ್ಲಿ ಬಂಡಿ ಹೊಡೆದವರು. ಎತ್ತು ಮಾರಿ ವರ್ಷಗಳಾಗಿದ್ದರೂ, ದನದ ಕೊಟ್ಟಿಗೆಯ ಗೋಡೆಗೆ ಎರಡು ಗೂಟದ ಮೇಲೆ ಅವರ ನೊಗ ತೂಗುತ್ತಿತ್ತು. ಸೈಕಲ್ಲು ತೂಗುಹಾಕಲು ಹೇಳಿ ಮಾಡಿಸಿದಂಥ ಜಾಗ ಅದು. ನಾನು ನೊಗವನ್ನು ಇಳಿಸಿ, ಒರೆಸಿ, ಅಟ್ಟದ ಮೇಲಿಟ್ಟು, ಗೂಟಕ್ಕೆ ಸೈಕಲ್ಲು ತೂಗುಹಾಕಿದೆ. ಸಂಜೆ ಮಾವ ಕೊಟ್ಟಿಗೆಗೆ ಹೋದವರು ಅಲ್ಲೇ ನಿಂತರು. ಬೈಯುತ್ತಾರೇನೋ ಎಂದು ನಾನು ಕಿವಿಗೊಟ್ಟು ಕಾದೆ. ಬೈಯಲಿಲ್ಲ. ಹೊರಗೆ ಬಂದು ಪಡಸಾಲೆಯ ಕಂಬಕ್ಕೆ ಹೇಳಿದರು.

'ಕೇಳಿದ್ಯೇನಪಾ, ನಮ್ಮ ಮನ್ಯಾಗ ನೊಗಾ ಇಳಿಸಿ ಸೈಕಲ್ ಏರಿಸ್ಯಾರ.'

ಅಲ್ಲಿಗೆ ಮುಗಿಯಿತು. ಅಂದಿನಿಂದ ಮಾವ ನನ್ನೊಡನೆ ಮಾತು ಬಿಟ್ಟರು. ಅಯ್ಯ ಶಿವನೇ, ಮಗಳಂತೆ ನೋಡಿಕೊಂಡವರು! ಅತ್ತೆ ಹೋದ ಮೇಲೆ ಮನೆಯಲ್ಲಿ ನನ್ನ ಜೊತೆ ಕೂತು ಎಲೆಯಡಿಕೆ ಹಾಕುತ್ತ ಊರ ಸುದ್ದಿಯನ್ನೆಲ್ಲ ಹೇಳುತ್ತಿದ್ದವರು. ನನಗೆ ದಿಕ್ಕೇ ತೋಚದಂತಾಯಿತು. ಊಟಕ್ಕೆ ಏನು ಬೇಕಾದರೂ ಕಂಬಕ್ಕೆ ಹೇಳುವರು: 'ಇನ್ನ ಒಂದ ರೊಟ್ಟಿ ಇದ್ರ ನಡೀತಿತ್ತು.' ನಾನು ರೊಟ್ಟಿ ಹಾಕುವೆ. 'ಮಜ್ಜಿಗಿ ಹುಳಿ ಆಗೇತಿ.' ನಾನು ಬೇರೆ ಮಜ್ಜಿಗೆ ತರುವೆ. ನೊಗವನ್ನು ಮತ್ತೆ ಗೂಟಕ್ಕೇ ಏರಿಸುತ್ತೇನೆ ಎಂದು ಅವರ ಎದುರಿಗೇ ಹೇಳಿ ನೋಡಿದೆ. ಅವರು ಕಂಬಕ್ಕೆ, 'ಇಳಿಸಿದ್ದು ಇಳೀತು' ಎಂದರು. ನಮ್ಮವರು, 'ಬಿಡು ಮಾರಾಯ್ತಿ, ಇವತ್ತಿಲ್ಲಾ ನಾಳೆ ಮಾತಾಡ್ತಾನ' ಎನ್ನುತ್ತಲೇ ಆಷಾಢ ಕಳೆಯಿತು.

ಮಳೆ ಹಿಡಿಯಿತು. ಎರೆಭೂಮಿಯ ಮಳೆ ಗೊತ್ತಿದ್ದವರಿಗೆ ನಾನು ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೆ ತಿಳಿಯುವುದಿಲ್ಲ. ಕಾಲಿಟ್ಟಲ್ಲಿ ಒಂದೊಂದು ಪಾದಕ್ಕೂ ಒಂದೊಂದು ಬುಟ್ಟಿ ಮಣ್ಣು. ಮೊದಲ ದಿನ ಇಟಗಿಯ ಕಡೆಯ ಹೊಲದ ದಾರಿಗೆ ಇಳಿದೆ. ಹೆಸರು ಬೆಳೆ ಕಾಯಿ ಕಟ್ಟುವ ಹೊತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಣ್ಣು ಟಯರಿಗೆ ಹತ್ತಿ, ಬ್ರೇಕಿನ ರಬ್ಬರು ಗುಂಡಿಗಳಿಗೆ ಸಿಕ್ಕಿ, ಎರಡೂ ಗಾಲಿಗಳು ಕಲ್ಲಾದವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸೈಕಲ್ಲು ನನ್ನನ್ನು ಹೊರುವ ಬದಲು ನಾನೇ ಅದನ್ನು ಹೆಗಲ ಮೇಲೆ ಹೊತ್ತು ಊರು ಸೇರಿದೆ. ಊರ ಅಗಸಿಬಾಗಿಲಲ್ಲಿ ಕೂತವರು ಬಾಯಿಗೆ ಸೆರಗು, ಟವಲ್ಲು ಅಡ್ಡ ಹಿಡಿದು ನಕ್ಕರು. ನಾನು ಅಳುವುದೊಂದೇ ಬಾಕಿ.

ದಾವಲಣ್ಣ ಮಾತ್ರ ಹಬ್ಬ ಬಂದವರಂತೆ ಖುಷಿಯಾದ. 'ನಾ ಹೇಳಿದ್ನಿಲ್ರಿ? ಈ ಗುಂಡಿ ಬ್ರೇಕ್ ನಮ್ಮ ಎರಿಗೆ ನಡಿಯಂಗಿಲ್ಲ. ಡಿಸ್ಕ್ ಬೇಕು. ಗಾಲಿ ನಡುವ ತಗಡಿನ ಚಕ್ಕರಾ ಇರ್ತೈತಿ, ಅದನ್ನ ಹಿಡೀತೈತಿ. ಅಲ್ಲೀತನಕಾ ಮಣ್ಣ ಬರಂಗಿಲ್ಲ.' ಅವನು ಹಾಗೆ ಹೇಳಿಯೇ ಇರಲಿಲ್ಲ. ಆದರೂ ಹೌದು ಹೌದು ಎಂದೆ. ಹುಬ್ಬಳ್ಳಿಯಿಂದ ಸಾಮಾನು ಬರುವವರೆಗೆ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತ. ಕಲಿಯುವಾಗ ಒಂದು ಪೆಡಲ್ಲನ್ನು ಉಲ್ಟಾ ತಿರುವಿ ಸ್ಕ್ರೂವಿನ ಎಳೆ ಕೆಡಿಸಿದ, ಅದರ ತಪ್ಪನ್ನು ಪೆಡಲ್ಲಿನ ಮೇಲೆಯೇ ಹೊರಿಸಿದ. ಕೊನೆಗೆ ಎರಡೂ ಗಾಲಿ ಹೊಸವಾದವು, ಅವುಗಳ ನಡುವೆ ಬೆಳ್ಳಿ ತಟ್ಟೆಯಂತೆ ಹೊಳೆಯುವ ಡಿಸ್ಕು ಕೂತವು. ನಾನು ಬ್ರೇಕು ಹಿಡಿದದ್ದೇ ತಡ, ಸೈಕಲ್ಲು ಇದ್ದಲ್ಲೇ ನಿಂತು ನಾನೇ ಮುಂದಕ್ಕೆ ಮುಗ್ಗರಿಸಿದೆ. ಹೆದರಿಕೆಯಾಯಿತು, ಖುಷಿಯೂ ಆಯಿತು.

ಆಮೇಲೆ ಒಂದೊಂದಾಗಿ ಕೂಡುತ್ತ ಹೋಯಿತು. ಮುಂದಿನ ಮೂರು ಹಲ್ಲುಚಕ್ರಗಳಲ್ಲಿ ಸಣ್ಣದೊಂದನ್ನೇ ಉಳಿಸಿದೆವು, ಹಿಂದೆ ರೊಟ್ಟಿಯಷ್ಟು ಅಗಲದ್ದು ಹಾಕಿದೆವು. ಅಬ್ಬಾ, ಗುಡ್ಡದ ಏರು ಕೂತೇ ಹತ್ತಬಹುದಾಯಿತು. ಅಗಲ ಹ್ಯಾಂಡಲ್ಲು ಬಂತು. ಹಿಂದೆ ಔಷಧದ ಡಬ್ಬಿಗೆ ಕ್ಯಾರಿಯರು ಬಂತು. ಜಾಲಿ ಮುಳ್ಳಿಗೆ ದಿನಾ ಪಂಚರ್ ಆಗುತ್ತಿತ್ತು, ಅದಕ್ಕೆ ದಾವಲಣ್ಣ ಟ್ಯೂಬು ಕಿತ್ತು, ಟಯರಿನೊಳಗೆ ಹಾಲಿನಂಥದ್ದೊಂದು ಔಷಧ ಹಾಕಿದ. ಮುಳ್ಳು ಚುಚ್ಚಿದರೆ ಅದೇ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಒಮ್ಮೆ ಮನೆಯ ಅಂಗಳದಲ್ಲಿ ನಾನು ಅದನ್ನು ಮತ್ತೆ ಟಯರಿಗೆ ತುಂಬುವುದನ್ನು ಮಾವ ಕಂಡರು. ಕಣ್ಣು ಕಣ್ಣು ಬಿಟ್ಟು ನೋಡಿ ಕಂಬದ ಹತ್ತಿರ ಹೋದರು.

'ಈಗ ಸೈಕಲ್ಲಿಗೆ ಹಾಲ ಕುಡಸಾಕ ಹತ್ಯಾರ. ನಮ್ಮ ಎತ್ತಿಗೆ ಒಂದ ದಿನಾ ಯಾರೂ ಹಾಲ ಕುಡಸಿರ್ಲಿಲ್ಲ ನೋಡು.'

ನಾನು ನಕ್ಕು ಒಳಗೆ ಓಡಿದೆ. ನಕ್ಕದ್ದು ಅವರಿಗೆ ಕೇಳಿಸಿತೋ ಏನೋ, ಆ ದಿನ ಮಜ್ಜಿಗೆ ಹುಳಿಯಾಗಿದೆ ಎಂದು ಕಂಬಕ್ಕೆ ಹೇಳಲಿಲ್ಲ.

ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ಗುಡ್ಡದ ಅಂಚಿನ ಹೊಲದಲ್ಲಿ ಒಂದು ಹಿಂಡು ಹಸಿ ಬೆಳೆ ಮೇಯ್ದು ಹೊಟ್ಟೆಯುಬ್ಬಿ ಬಿದ್ದಿತ್ತು. ಡಾಕ್ಟರು ದೂರದಲ್ಲಿದ್ದರು. ರಾತ್ರಿಯ ಮಳೆಗೆ ದಾರಿಯೆಲ್ಲ ಕೆಸರು. ನಾನು ಆ ಕೆಸರಿನಲ್ಲೇ ತುಳಿದು ಹೋಗಿ ಮುಟ್ಟಿದೆ, ಡಾಕ್ಟರು ಫೋನಿನಲ್ಲಿ ಹೇಳಿದಂತೆ ಔಷಧ ಕುಡಿಸಿದೆ. ಕೆಲವು ಹೋದವು, ಬಹಳಷ್ಟು ಎದ್ದು ನಿಂತವು. ಮರುದಿನ ಆ ಕುರುಬ ನಮ್ಮ ಮನೆ ಹುಡುಕಿಕೊಂಡು ಬಂದ. ನಾನು ಹೊರಬರುವ ಮೊದಲೇ ಅಂಗಳದಲ್ಲಿ ನಿಂತಿದ್ದ ಸೈಕಲ್ಲಿನ ಸೀಟು ಮುಟ್ಟಿ ಕಣ್ಣಿಗೊತ್ತಿಕೊಂಡ. ಮಾವ ಕಟ್ಟೆಯ ಮೇಲೆ ಕೂತು ಅದನ್ನು ನೋಡುತ್ತಿದ್ದರು. ಎದ್ದು ಹೋಗಿ ಅವನಿಗೆ ನೀರು ಬೆಲ್ಲ ತಂದುಕೊಟ್ಟರು, ಅಷ್ಟೇ.

ಹೀಗೆ ನವರಾತ್ರಿ ಬಂತು. ನಾನು ತವರಿಗೆಂದು ಬಸ್ಸು ಹತ್ತಿ ಯಾವಗಲ್ಲಿಗೆ ಹೋದೆ. ದುಡಿಯುವ ಸಾಮಾನಿಗೆಲ್ಲ ಪೂಜೆ ಮಾಡುವ ಖಂಡೇಪೂಜೆಯ ದಿನ ಅಲ್ಲೇ ಇದ್ದೆ. ದಸರೆಯ ಸಂಜೆ ಮುಶಿಗೇರಿಗೆ ಮರಳಿದಾಗ ಊರೆಲ್ಲ ಬನ್ನಿ ಹಂಚುತ್ತ ತಿರುಗುತ್ತಿತ್ತು. ಮಾವನ ಕೈಗೆ ಬನ್ನಿ ಕೊಟ್ಟು ಕಾಲಿಗೆರಗಿದೆ. 'ಬಂಗಾರದಂಗಿರೂಣು' ಎನ್ನಬೇಕು. ಅವರು ಬನ್ನಿ ತೆಗೆದುಕೊಂಡು ತಲೆಯ ಮೇಲೆ ಕೈಯಿಟ್ಟರು. ಬಾಯಿ ಮಾತ್ರ ಬಿಡಲಿಲ್ಲ. ಹಬ್ಬದ ದಿನವೂ ಹೀಗೆಯೇ ಎಂದು ನನಗೆ ಕಣ್ಣು ತುಂಬಿ ಬಂತು. ಕೊಟ್ಟಿಗೆಗೆ ಹೋದರೆ ನನ್ನ ಸೈಕಲ್ಲಿಗೆ ಚೆಂಡುಹೂವಿನ ಹಾರ, ಹ್ಯಾಂಡಲ್ಲಿಗೆ ವಿಭೂತಿ, ಕುಂಕುಮ. ನಮ್ಮವರು ಟಂಟಂ ಪೂಜೆ ಮಾಡುವಾಗ ಇದಕ್ಕೂ ಮಾಡಿರಬೇಕು ಎಂದುಕೊಂಡೆ. ಕೇಳುವ ಗೋಜಿಗೆ ಹೋಗಲಿಲ್ಲ.

ಮರುದಿನ ನಸುಕಿಗೇ ಗುಡ್ಡಕ್ಕೆ ಹೊರಟೆ. ಕಡಲೆ ಬಿತ್ತುವ ಕಾಲ, ದಾರಿಯ ಎರಡೂ ಬದಿಗೆ ಕರೀ ಹೊಲ, ಮೇಲೆ ಮಂಜು. ಅಗಸಿಯ ಹತ್ತಿರ ಒಂದು ನಾಯಿ ಅಡ್ಡ ಬಂದಾಗ ಬ್ರೇಕು ಹಿಡಿದರೆ ಸ್ವಲ್ಪ ಜಾರಿದ ಹಾಗಾಯಿತು. ಇಬ್ಬನಿಗೆ ಡಿಸ್ಕು ಹಸಿಯಾಗಿರಬೇಕೆಂದು ಮುಂದೆ ಹೋದೆ. ಮುಂದೆಲ್ಲ ಬಯಲು ದಾರಿ, ಆಮೇಲೆ ಏರು. ಏರುವವರಿಗೆ ಬ್ರೇಕು ಯಾತಕ್ಕೆ ಬೇಕು? ಮೇಲೆ ಒಂದು ದೊಡ್ಡ ಹಿಂಡಿಗೆ ಜಂತಿನ ಔಷಧ ಕುಡಿಸಿ, ಕುರುಬರ ಬುತ್ತಿಯಲ್ಲಿ ರೊಟ್ಟಿ ಚಟ್ನಿ ತಿಂದು, ತಲೆಯ ಮೇಲೆ ಫ್ಯಾನುಗಳ ಗುಂಯ್‌ಗುಡುವಿಕೆ ಕೇಳುತ್ತ, ಹಾಡು ಗುನುಗುತ್ತ ಇಳಿಯಲು ಹೊರಟೆ.

ಮೊದಲ ತಿರುವು ಬರುವ ಮುಂಚೆ ಎರಡೂ ಬ್ರೇಕು ಹಿಡಿದೆ. ಹಿಡಿ ಗಟ್ಟಿಯಾಗಿಯೇ ಇತ್ತು. ಕೇಬಲ್ಲು ಹರಿದಿರಲಿಲ್ಲ. ಗಾಲಿ ಮಾತ್ರ ನಿಲ್ಲಲೊಲ್ಲದು! ಇದ್ದ ಬಲವನ್ನೆಲ್ಲ ಹಾಕಿ ಹಿಡಿದೆ. ಸೈಕಲ್ಲು ಇನ್ನೂ ಜೋರಾಯಿತು. ಏನಾಗುತ್ತಿದೆ ಎಂದು ತಲೆಗೇ ಹತ್ತಲಿಲ್ಲ. ಮುರಿದಿದ್ದರೆ ಮುರಿಯಿತು ಎಂದು ತಿಳಿಯುತ್ತಿತ್ತು. ಎಲ್ಲ ನೆಟ್ಟಗಿದ್ದೂ ಮಾತು ಕೇಳದಿದ್ದರೆ ಏನು ಮಾಡುವುದು? ಕಾಲು ನೆಲಕ್ಕೂರಿದೆ, ಚಪ್ಪಲಿ ಕಿತ್ತು ಎಲ್ಲೋ ಹಾರಿತು.

ತಿರುವು ದಾಟಿದರೆ ಕೆಳಗೆ ರಸ್ತೆ ತುಂಬ ಕುರಿ. ಹಿಂಡಿನ ನಡುವೆ ತಲೆಯ ಮೇಲೆ ಬುತ್ತಿಗಂಟು ಹೊತ್ತ ಒಬ್ಬ ಮುದುಕಿ, ಬೆನ್ನು ನನ್ನ ಕಡೆಗೆ. 'ಬಾಜೂಕ ಸರೀ ಯವ್ವಾ! ಸರೀ!' ಎಂದು ಒದರಿದೆ. ಗಾಳಿಗೆ ಅವಳಿಗೆ ಕೇಳಿಸಲಿಲ್ಲ. ಎಡಕ್ಕೆ ಕಂದರ. ಬಲಕ್ಕೆ ಫ್ಯಾನುಗಳ ಕಡೆಗೆ ಹೋಗುವ ಕಚ್ಚಾ ದಾರಿ ಒಡೆದಿತ್ತು, ಅದರ ಬಾಯಿಗೇ ರಸ್ತೆ ಕೆಲಸದವರು ಜಲ್ಲಿಕಲ್ಲಿನ ಖಡಿ ಸುರಿದು ರಾಶಿ ಮಾಡಿದ್ದರು. ಯೋಚನೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಕೈ ತಾನೇ ಬಲಕ್ಕೆ ಎಳೆಯಿತು. ಸೈಕಲ್ಲು ಖಡಿಯಲ್ಲಿ ಹೂತು ನಿಂತಿತು, ನಾನು ನಿಲ್ಲಲಿಲ್ಲ. ಆಚೆ ಬಿದ್ದಾಗ ಹೆಗಲಿನಲ್ಲಿ ಏನೋ ಮುರಿದ ಸದ್ದು ನನಗೇ ಕೇಳಿಸಿತು. ಮಾಸ್ತರರ ಹೆಲ್ಮೆಟ್ಟು ಎರಡು ಹೋಳಾಗಿತ್ತು. ಕಣ್ಣು ಬಿಟ್ಟರೆ ಆ ಮುದುಕಿ ನನ್ನ ಮುಖದ ಮೇಲೆ ಬಗ್ಗಿ, ಬುತ್ತಿಯ ನೀರನ್ನು ನನ್ನ ಬಾಯಿಗೆ ಹಾಕುತ್ತ, 'ಯಾರ ಮಗಳವ್ವಾ ನೀ' ಎಂದು ಅಳುತ್ತಿದ್ದಳು.

ಗಜೇಂದ್ರಗಡದ ದವಾಖಾನೆಯಲ್ಲಿ ಹೆಗಲ ಎಲುಬು ಮುರಿದಿದೆ ಎಂದು ಪಟ್ಟಿ ಬಿಗಿದು ಮನೆಗೆ ಕಳಿಸಿದರು. ನಮ್ಮವರು ಅಂದೇ ಸೈಕಲ್ಲನ್ನು ದಾವಲಣ್ಣನ ಅಂಗಡಿಗೆ ಒಯ್ದರು. ಮರಳಿ ಬಂದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಗಿಲು ಮುಂದಕ್ಕೆ ಎಳೆದು, ನನ್ನ ಹತ್ತಿರ ಕೂತು, ಸಣ್ಣ ದನಿಯಲ್ಲಿ ಹೇಳಿದರು.

'ಯಾರೋ ಬ್ರೇಕಿಗೆ ಎಣ್ಣಿ ಹಚ್ಚ್ಯಾರಂತ. ಮುಂದಿನದಕ್ಕೂ, ಹಿಂದಿನದಕ್ಕೂ. ತಗಡಿಗೆ ಚಂದಂಗ ಅರಿವಿಲೆ ತಿಕ್ಕಿ ತಿಕ್ಕಿ ಹಚ್ಚ್ಯಾರಂತ. ಎಣ್ಣಿ ಆದ್ರ ಅದು ಹಿಡಿಯಂಗಿಲ್ಲಂತ.'

ನಾನು ದಂಗಾದೆ. ತಾನಾಗಿ ಸೋರಿದ್ದಲ್ಲ, ತಿಕ್ಕಿ ಹಚ್ಚಿದ್ದು! ನನ್ನ ಮೇಲೆ ಯಾರಿಗೆ ಅಂಥ ಸಿಟ್ಟು? ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವುದೇನಿತ್ತು? ಕೊಟ್ಟಿಗೆ ನಮ್ಮದು, ಬಾಗಿಲಿಗೆ ಅಗಳಿ ನಮ್ಮದು, ಮನೆಯಲ್ಲಿ ಇದ್ದವರು ಮೂವರೇ.

ಆಗ ಬಾಗಿಲು ಸರಿಯಿತು. ಮಾವ ಒಳಗೆ ಬಂದರು. ಕೈಯಲ್ಲಿ ಅವರ ಸಣ್ಣ ಎಣ್ಣೆಬಾಟಲಿ. ಆ ಬಾಟಲಿ ಅವರ ಕೈಬಿಟ್ಟದ್ದನ್ನು ನಾನು ಕಂಡಿಲ್ಲ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಮೊಣಕಾಲು ಹಿಡಿದರೆ ಎಣ್ಣೆ, ಬೀಸುಕಲ್ಲಿನ ಗೂಟಕ್ಕೂ ಎಣ್ಣೆ. ಬಂಡಿ ಹೊಡೆಯುವಾಗ ದಿನಾ ಬೆಳಿಗ್ಗೆ ಗಾಲಿಯ ಅಚ್ಚಿಗೆ ಎಣ್ಣೆ ಹಾಕದೆ ನೊಗ ಮುಟ್ಟುತ್ತಿರಲಿಲ್ಲವಂತೆ. ಅವರು ಕಂಬದ ಕಡೆ ನೋಡಲಿಲ್ಲ. ನನ್ನ ಕಡೆಗೇ ನೋಡಿ, ಎಷ್ಟೋ ತಿಂಗಳ ಮೇಲೆ ನನಗೇ ಹೇಳಿದರು.

'ಯವ್ವಾ ಸಾವಕ್ಕ, ತಪ್ಪ ನಂದ ಐತಿ. ಎಣ್ಣಿ ಕಡಿಮಿ ಆತು.'

ನಾನು ದಿಂಬಿಗೊರಗಿದವಳು ನೆಟ್ಟಗೆ ಕೂತೆ.

'ಖಂಡೇಪೂಜಿ ದಿನ ಅಟ್ಟದ ಮ್ಯಾಗಿನ ನೊಗಾ ಇಳಿಸಿದೆ' ಎಂದು ಕೆಳಗೆ ನೋಡುತ್ತ ಹೇಳಿದರು. 'ಕುಡಗೋಲು, ಕುಂಟಿ ಎಲ್ಲಾ ಇಟ್ಟೆ. ನಿನ್ನ ಸೈಕಲ್ಲನ್ನೂ ನೊಗದ ಬಾಜೂಕ ಇಟ್ಟೆ. ದುಡಿಯೂದಲ್ಲೇನು ಅದು? ಆ ಕುರುಬ ಬಂದು ಕಣ್ಣಿಗೆ ಹಚ್ಚಿಕೊಂಡು ಹೋಗಿದ್ದ, ನಾ ಮನಿಯಾಂವ ಒಂದ ಹೂವ ಏರಿಸಿರ್ಲಿಲ್ಲ. ನೋಡತೇನಿ, ನಡುವಿನ ತಗಡು ಪೂರಾ ಒಣಗೇತಿ. ಗಾಣದಿಂದ ತಂದ ಹೊಸಾ ಕುಸುಬಿ ಎಣ್ಣಿ ಇತ್ತು. ಹಚ್ಚಿದೆ. ಚಲೋತಂಗ ಹಚ್ಚಿದೆ ಅಂತ ತಿಳಕೊಂಡಿದ್ದೆ. ಇಷ್ಟಾದ್ರೂ ಹಿಂಗಾತಂದ್ರ ಸಾಲಿಲ್ಲ ಅಂತನ ಅಲ್ಲ? ಸೈಕಲ್ ಬರ್ಲಿ, ಇನ್ನೊಂದ ಸಲಾ ಮುಳುಗೂವಂಗ ಹಚ್ಚತೇನಿ.'

ನಮ್ಮವರು 'ಅಪ್ಪಾ, ಅದು...' ಎಂದು ಬಾಯಿ ತೆರೆದರು. ನಾನು ಸರಿಯಿದ್ದ ಕೈಯಿಂದ ಅವರ ತೊಡೆಯನ್ನು ಚಿವುಟಿದೆ, ಎಷ್ಟು ಜೋರಾಗಿ ಎಂದರೆ ಅವರು 'ಅಯ್ಯಯ್ಯೋ' ಎಂದು ಎದ್ದು ನಿಂತರು. ನನಗೆ ನಗು ಬರುತ್ತಿತ್ತು, ನಕ್ಕರೆ ಎಲುಬು ಸೀಳುತ್ತಿತ್ತು. ಅಳುವೂ ಬರುತ್ತಿತ್ತು. ನನ್ನನ್ನು ಕೊಲ್ಲಲು ಹೊರಟವರು ಯಾರೆಂದು ಎದೆ ಹೊಡೆದುಕೊಳ್ಳುತ್ತಿದ್ದೆ; ನೋಡಿದರೆ ಅದು ನನ್ನ ಮೇಲಿನ ಅಕ್ಕರೆ, ನೊಗದ ಪಕ್ಕ ಕೂರಿಸಿ ತಿಕ್ಕಿ ತಿಕ್ಕಿ ಹಚ್ಚಿದ ಅಕ್ಕರೆ. ಅವರ ಆ ಬಗ್ಗಿದ ತಲೆ ನೋಡಿದ ಮೇಲೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

'ಎಣ್ಣಿದೇನಿಲ್ರಿ ಮಾವಾರ' ಎಂದೆ. 'ಕಲ್ಲಿನ ಮ್ಯಾಲೆ ಗಾಲಿ ಹತ್ತಿ ಬಿದ್ದೆ ನಾನು. ನಿಮ್ಮ ಪೂಜಿ ಇತ್ತಂತ ಜೀವಾ ಉಳೀತು. ಆದರ ಒಂದ ಮಾತರಿ. ಆ ತಗಡಿಗೆ ಮಾತ್ರ ಇನ್ನ ಮ್ಯಾಲೆ ಎಣ್ಣಿ ಹಚ್ಚಬ್ಯಾಡ್ರಿ. ಧೂಳ ಹಿಡೀತೈತ್ರಿ ಅದಕ್ಕ.'

'ಹೌದನು? ಧೂಳ ಹಿಡೀತೈತನು?' ಎಂದು ಮಾವ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. 'ಆತವಾ, ಹಚ್ಚಂಗಿಲ್ಲ' ಎಂದು ಬಾಟಲಿಯನ್ನು ಧೋತರದ ಮರೆಗೆ ಸರಿಸಿದರು. ಮಾತಂತೂ ಮರಳಿ ಬಂತು. ಎಲುಬು ಕೂಡುವಷ್ಟರಲ್ಲಿ ಸೈಕಲ್ಲಿಗೂ ಹೊಸ ಬ್ರೇಕಿನ ಬಿಲ್ಲೆಗಳು ಬಂದವು. ನಾನು ಮೊದಲ ಸಲ ಮತ್ತೆ ಹೊರಟ ದಿನ ಮಾವ ಸಾಬೂನು ಹಚ್ಚಿ ಕೈ ತೊಳೆದುಕೊಂಡು, ಸೈಕಲ್ಲನ್ನು ಗೂಟದಿಂದ ತಾವೇ ಇಳಿಸಿ, ನಿಂತು ನಿಂತು ನಡೆಸುತ್ತ ರಸ್ತೆಗೆ ತಂದು ನನ್ನ ಕೈಗೆ ಕೊಟ್ಟರು. ಅಂದಿನಿಂದ ಇಂದಿನವರೆಗೆ ಅದು ದಿನದ ಪದ್ಧತಿ. ಪೂಜೆಗೆ ಕೂತದ್ದಲ್ಲವೇ, ಮಡಿಯಿಂದ ಮುಟ್ಟುತ್ತಾರೆ ಎಂದುಕೊಂಡಿದ್ದೆ. ಮುದುಕರ ನಡಿಗೆ, ನಿಂತು ನಿಂತು ಬರುತ್ತಾರೆ ಎಂದುಕೊಂಡಿದ್ದೆ.

ಹೋದ ವಾರ ಚೈನು ಹಾಕಿಸುತ್ತ ಕೂತಾಗ, ಗಾಣದ ವಾಸನೆ ಇನ್ನೂ ಮೂಗಿನಲ್ಲಿತ್ತಲ್ಲ, ಈ ಕಥೆಯನ್ನೆಲ್ಲ ದಾವಲಣ್ಣನಿಗೆ ಹೇಳಿದೆ. ಮಾವನಿಗೆ ಹೇಗೆ ಧೂಳಿನ ಸುಳ್ಳು ಹೇಳಿ ನಂಬಿಸಿದೆ ಎಂದು ಕೈ ತಿರುವಿ ತಿರುವಿ ಬಣ್ಣಿಸಿದೆ. ಅವನು ನಗುತ್ತಾನೆಂದು ಕಾದೆ. ಅವನು ನಗಲಿಲ್ಲ. ಕೈಯಲ್ಲಿದ್ದ ಚೈನು ಕೆಳಗಿಟ್ಟ.

'ಅಕ್ಕಾರ, ಅವರಿಗೆ ಗೊತ್ತೈತ್ರಿ' ಎಂದ.

'ಏನ ಗೊತ್ತೈತಿ?'

'ಎಲ್ಲಾ. ನೀವು ಬಿದ್ದ ಮರುದಿನಾನ ಬಸ್ ಹತ್ತಿ ಬಂದಿದ್ರು. ಯಾರು ಅಂತ ನನಗ ಗೊತ್ತಿರ್ಲಿಲ್ಲ. ನಾ ನಿಮ್ಮ ಗಾಲಿ ಬಿಚ್ಚಿಕೊಂಡು ಕೂತಿದ್ದೆ. ಯಾವ ಹುಚ್ಚ ಎಣ್ಣಿ ಹಚ್ಚ್ಯಾನೋ, ಒಂದ ಜೀವಾ ಹೋಗೂದಿತ್ತು ಅಂತ ಬಾಯಿಗೆ ಬಂದಂಗ ಬೈಕೊಂತ ತೊಳೀತಿದ್ದೆ. ಅಜ್ಜಾರು ಅಲ್ಲೇ ಅಂಗಡಿ ಮೆಟ್ಟಲ ಮ್ಯಾಲೆ ಕುಸದ ಕೂತ್ರು. ನೀರ ಕೊಟ್ಟೆ. ಕುಡದು, ಬ್ರೇಕ್ ಹಿಡೀತೈತೋ ಇಲ್ಲೋ ಅಂತ ನೋಡೂದು ಹ್ಯಾಂಗ ಅಂತ ಕೇಳಿದ್ರು. ಎಬ್ಬಿಸಿ ನಿಂದ್ರಿಸಿ ಕಲಿಸಿದೆ. ಸ್ವಲ್ಪ ನಡಸ್ರಿ, ಹಿಡೀರಿ, ಮತ್ತ ನಡಸ್ರಿ, ಮತ್ತ ಹಿಡೀರಿ. ಕೈಗೆ ಎಣ್ಣಿ ಜಿಡ್ಡು ಇರಬಾರದು, ಸಾಬೂನಿಲೆ ತೊಳೀರಿ ಅಂದೆ.'

ಇಷ್ಟು ವರ್ಷ ದಿನಾ ಬೆಳಿಗ್ಗೆ ಅವರು ನಿಂತು ನಿಂತು ನಡೆದದ್ದು, ಆ ಸಾಬೂನು...

'ನನಗ ಯಾಕ ಹೇಳಲಿಲ್ಲ ದಾವಲಣ್ಣ?'

'ಹೇಳಬ್ಯಾಡ ಅಂದ್ರು. ಸೊಸಿ ನನ್ನ ಸಲುವಾಗಿ ಒಂದ ಸುಳ್ಳ ಹೇಳ್ಯಾಳ, ಅದನ್ನ ಕೆಡಸಬ್ಯಾಡ ಅಂದ್ರು.'

ಚೈನು ಹಾಕಿಸಿಕೊಂಡು ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಅಂದು ಮಾವನಿಗೆ ಊಟಕ್ಕೆ ಬಡಿಸುವಾಗ ಅವರ ಮುಖ ನೋಡಲಾಗಲಿಲ್ಲ. ಅವರು ಎಂದಿನಂತೆ ಊರ ಸುದ್ದಿ ಹೇಳುತ್ತ ಉಂಡರು.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಸಾಬೂನಿನ ಡಬ್ಬಿಯ ಸದ್ದಾಯಿತು. ನಾನು ಔಷಧದ ಡಬ್ಬಿ ಹಿಡಿದು ರಸ್ತೆಯಲ್ಲಿ ನಿಂತಿದ್ದೆ. ಮಾವ ಸೈಕಲ್ಲು ನಡೆಸುತ್ತ ಅಂಗಳ ದಾಟಿದರು. ನಡೆದರು, ಹಿಡಿದರು, ನಿಂತರು. ಮತ್ತೆ ನಡೆದರು, ಮತ್ತೆ ಹಿಡಿದರು. ಬೆನ್ನು ಈಗ ಮೊದಲಿಗಿಂತ ಬಾಗಿದೆ, ಬೆರಳು ನಡುಗುತ್ತವೆ. ಹತ್ತಿರ ಬಂದು ಹ್ಯಾಂಡಲ್ಲನ್ನು ನನ್ನ ಕಡೆ ತಿರುಗಿಸಿದರು. ಹಿಡಿಗಳು ಇನ್ನೂ ಒದ್ದೆಯಾಗಿದ್ದವು.

'ಹಿಡೀತಾವೇನ್ರಿ ಮಾವಾರ?' ಎಂದೆ.

ಅವರು ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಕೈಯನ್ನು ಧೋತರಕ್ಕೆ ಒರೆಸಿಕೊಂಡರು.

'ಹಿಡೀತಾವ ಯವ್ವಾ' ಎಂದರು. 'ನೀ ಹೋಗಿ ಬಾ.'